ವಂತಿಗೆ ಎತ್ತಿ ಕಟ್ಟಿದ ಊರು

ಪೆತ್ರೊವರಾದಿನ್ ಕೋಟೆಯ ಗಡಿಯಾರ ಗೋಪುರದ ಕೆಳಗೆ ನಿಂತವರು ಒಮ್ಮೆ ಮೇಲೆ ನೋಡಿ, ಹುಬ್ಬು ಗಂಟಿಕ್ಕಿ, ಜೇಬಿನಿಂದ ಮೊಬೈಲ್ ತೆಗೆಯುತ್ತಾರೆ. ಅಲ್ಲಿ ಉದ್ದನೆಯ ಮುಳ್ಳು ಗಂಟೆ ತೋರಿಸುತ್ತದೆ, ಗಿಡ್ಡನೆಯದು ನಿಮಿಷ. ಕೆಳಗೆ ಡ್ಯಾನ್ಯೂಬ್ ನದಿಯಲ್ಲಿ ದೋಣಿ ನಡೆಸುವವರಿಗೆ ನಿಮಿಷದ ಗೊಡವೆ ಯಾಕೆ, ಗಂಟೆ ಎಷ್ಟಾಯಿತೆಂದು ದೂರದಿಂದ ಕಂಡರೆ ಸಾಕು ಅಂತ ಹಾಗೆ ಮಾಡಿದರಂತೆ. ಚಳಿಗೊಂದು, ಸೆಕೆಗೊಂದು ಎನ್ನುವ ಹಾಗೆ ಅದರ ನಡಿಗೆ ಹೆಚ್ಚುಕಮ್ಮಿ ಆಗುವುದರಿಂದ ಊರವರು ಅದನ್ನು ಕುಡುಕ ಗಡಿಯಾರ ಎಂದು ಕರೆಯುತ್ತಾರೆ.

ಆ ಗೋಪುರದ ಕಟ್ಟೆಗೆ ಒರಗಿ ನೋಡಿದರೆ ನದಿಯ ಆಚೆ ನೋವಿ ಸಾದ್ ನಗರ ಉದ್ದಕ್ಕೂ ಮೈಚಾಚಿ ಮಲಗಿದೆ. ಸರ್ಬಿಯದ ಎರಡನೆಯ ದೊಡ್ಡ ನಗರ, ವೊಯ್ವೊದಿನಾ ಎಂಬ ಸ್ವಾಯತ್ತ ಪ್ರಾಂತದ ರಾಜಧಾನಿ, ಮೂರೂವರೆ ಲಕ್ಷ ದಾಟಿದ ಜನ. ಕೋಟೆ ಇರುವುದು ಬಲದಂಡೆಯ ಗುಡ್ಡದ ಮೇಲೆ, ಊರು ಇರುವುದು ಎಡದಂಡೆಯ ಬಯಲಿನಲ್ಲಿ. ನಮ್ಮ ಕಡೆ ಕೋಟೆ ಅಂದರೆ ಅದರ ಹೊಟ್ಟೆಯೊಳಗೇ ಪೇಟೆ ಇರುತ್ತದೆ. ಇಲ್ಲಿ ಮಾತ್ರ ನಡುವೆ ಒಂದು ದೊಡ್ಡ ನದಿ ಹರಿಯುತ್ತಿದೆ. ಇದು ಯಾರೋ ನಕ್ಷೆ ಹಾಕಿ ಮಾಡಿದ್ದಲ್ಲ. ಕೋಟೆಯವರು ಒಳಗೆ ಬಿಟ್ಟುಕೊಳ್ಳದ ಜನ ಆಚೆ ದಡಕ್ಕೆ ಹೋಗಿ ಗುಡಿಸಲು ಹಾಕಿಕೊಂಡಿದ್ದೇ ಈ ಊರು.

ಆಸ್ಟ್ರಿಯದ ಹ್ಯಾಬ್ಸ್‌ಬರ್ಗ್ ದೊರೆಗಳು ತುರ್ಕರನ್ನು ಹಿಂದಕ್ಕೆ ಅಟ್ಟುತ್ತ ಬಂದು 1692ರಲ್ಲಿ ಈ ಕೋಟೆಗೆ ಅಡಿಗಲ್ಲು ಹಾಕಿದರು. ಕಟ್ಟಿ ಮುಗಿಸುವ ಹೊತ್ತಿಗೆ 1780 ಬಂತು. ನೆಲದಡಿಯಲ್ಲಿ ನಾಲ್ಕು ಅಂತಸ್ತುಗಳಲ್ಲಿ ಹದಿನಾರು ಕಿಲೋಮೀಟರು ಸುರಂಗ. 1716ರ ಆಗಸ್ಟಿನಲ್ಲಿ ಸವಾಯ್‌ನ ರಾಜಕುಮಾರ ಯುಜೀನ್ ಇಲ್ಲೇ ತುರ್ಕರ ದಂಡನ್ನು ಮುರಿದ, ಅವರ ಮಹಾವಜೀರ ದಾಮಾದ್ ಅಲಿ ಪಾಷಾ ಆ ಕಾಳಗದಲ್ಲೇ ಸತ್ತ. ಇಷ್ಟೆಲ್ಲ ಪ್ರತಾಪದ ಕೋಟೆಯ ನೆರಳಿನಲ್ಲಿ ವಾಸ ಮಾಡುವ ಹಕ್ಕು ಆರ್ಥಡಾಕ್ಸ್ ಪಂಥದ ಸರ್ಬರಿಗೆ ಇರಲಿಲ್ಲ. ಪೆತ್ರೊವರಾದಿನ್ ಕ್ಯಾಥೊಲಿಕರಿಗೆ ಮೀಸಲು. ಹಾಗಾಗಿ 1694ರ ಸುಮಾರಿಗೆ ಕುಶಲಕರ್ಮಿಗಳು, ಸಣ್ಣ ವ್ಯಾಪಾರಿಗಳು, ಗಡಿ ಕಾಯುವ ಸರ್ಬ್ ಸಿಪಾಯಿಗಳು ಎದುರಿನ ಜವುಗು ನೆಲದಲ್ಲಿ ನೆಲೆಯೂರಿದರು. 1739ರಲ್ಲಿ ಬೆಲ್‌ಗ್ರೇಡ್ ಮತ್ತೆ ತುರ್ಕರ ಪಾಲಾದಾಗ ಅಲ್ಲಿಂದ ಗುಳೆ ಎದ್ದ ಸರ್ಬರು, ಜರ್ಮನ್ನರು, ಅರ್ಮೇನಿಯನ್ನರು ಇಲ್ಲಿಗೆ ಬಂದರು. ವ್ಯಾಪಾರ ಕುದುರಿತು, ಕೈಯಲ್ಲಿ ಕಾಸು ಆಡಿತು. ಆದರೆ ಊರು ಸೇನೆಯ ಅಧಿಕಾರದ ಅಡಿಯಲ್ಲೇ ಇತ್ತು.

ಮುಂದೆ ಆದದ್ದು ನನಗೆ ಬಹಳ ಹಿಡಿಸಿದ ಕಥೆ. ಊರಿನವರು ದುಡ್ಡು ಹೊಂದಿಸಿದರು, ವಿಯೆನ್ನಾಕ್ಕೆ ಹೋದರು, ಮಹಾರಾಣಿ ಮರಿಯಾ ತೆರೇಸಾಳ ಖಜಾನೆಗೆ ಎಂಬತ್ತು ಸಾವಿರ ಫೊರಿಂಟ್ ಕಟ್ಟಿ ತಮ್ಮ ಊರನ್ನು ಬಿಡಿಸಿಕೊಂಡರು. 1748ರ ಫೆಬ್ರವರಿ 1ರಂದು ಅದು ‘ಸ್ವತಂತ್ರ ರಾಜನಗರ’ ಆಯಿತು. ಲ್ಯಾಟಿನ್ ಸನದಿನಲ್ಲಿ ಹೆಸರು ನಿಯೊಪ್ಲಾಂಟಾ. ಸರ್ಬರು ನೋವಿ ಸಾದ್ ಅಂದರು, ಹಂಗೇರಿಯನ್ನರು ಉಯ್‌ವಿದೇಕ್ ಅಂದರು, ಜರ್ಮನ್ನರು ನೊಯ್‌ಜಾಟ್ಸ್ ಅಂದರು. ಕತ್ತಿ ಹಿಡಿದು ಗೆದ್ದ ಊರುಗಳ ಕಥೆ ಎಲ್ಲ ಕಡೆಯೂ ಇದೆ. ವಂತಿಗೆ ಎತ್ತಿ ಕೊಂಡುಕೊಂಡ ಊರು ಅಪರೂಪ. ಆಮೇಲೆ ಈ ಊರಿನಲ್ಲಿ ಹೆಸರಾಗುವಂಥದ್ದು ಏನು ನಡೆದರೂ ಅದರ ಹಿಂದೆ ಹೀಗೆ ಜನ ಜೇಬಿಗೆ ಕೈ ಹಾಕಿದ್ದು ಕಾಣುತ್ತ ಹೋಯಿತು.

ನಾನು ಹೋದದ್ದು 2025ರ ಜೂನ್‌ನಲ್ಲಿ. ಒಂದು ಕಾಲದಲ್ಲಿ ಭಾರತೀಯರಿಗೆ ಸರ್ಬಿಯಕ್ಕೆ ವೀಸಾ ಬೇಕಿರಲಿಲ್ಲ. 2023ರ ಜನವರಿಯಿಂದ ಆ ಸುಖ ಹೋಯಿತು. ಬೆಲ್‌ಗ್ರೇಡಿನಿಂದ ನೋವಿ ಸಾದಿಗೆ ಗಂಟೆಗೆ ಇನ್ನೂರು ಕಿಲೋಮೀಟರು ಓಡುವ ರೈಲು 2022ರಲ್ಲೇ ಬಂದಿದೆ, ಅದರ ಹೆಸರು ಸೊಕೊ, ಅಂದರೆ ಗಿಡುಗ. ನಾನು ಬಸ್ಸು ಹಿಡಿದೆ. ಊರು ಬಿಟ್ಟು ಸ್ವಲ್ಪ ಹೊತ್ತಿಗೆ ಬಯಲು ಶುರುವಾಗುತ್ತದೆ, ಆಮೇಲೆ ಜೋಳ, ಗೋಧಿ, ಸೂರ್ಯಕಾಂತಿ, ಮತ್ತೆ ಜೋಳ. ವೊಯ್ವೊದಿನಾ ಎಂಬುದು ಇಡೀ ಒಂದು ಹೊಲ. ಅದರ ನಡುವೆ ಒಂದು ಬೆಟ್ಟದ ಸಾಲು, ಫ್ರುಷ್ಕಾ ಗೋರಾ. ಅದರ ಮಡಿಲಲ್ಲಿ ಹದಿನಾರಕ್ಕೂ ಹೆಚ್ಚು ಹಳೆಯ ಮಠಗಳಿವೆ.

ಬಸ್ ನಿಲ್ದಾಣದ ಮಗ್ಗುಲಲ್ಲೇ ರೈಲು ನಿಲ್ದಾಣ. ಅದರ ಮುಂದೆ ಹೂವು, ಕರಗಿ ಗಟ್ಟಿಯಾದ ಮೇಣದಬತ್ತಿ, ಆಟದ ಗೊಂಬೆಗಳು ಇದ್ದವು. ಬಸ್ಸಿಳಿದವರು ಆ ಕಡೆ ಒಂದು ಸಲ ತಿರುಗಿ ನೋಡಿಯೇ ಮುಂದೆ ಹೋಗುತ್ತಿದ್ದರು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಗರದ ನಡುಮಧ್ಯ ‘ಸ್ವಾತಂತ್ರ್ಯ ಚೌಕ’. ಒಂದು ಕಡೆ 72 ಮೀಟರ್ ಎತ್ತರದ ಗೋಪುರದ ಕ್ಯಾಥೊಲಿಕ್ ಚರ್ಚು, ಎದುರು ನಗರಸಭೆ. ಎರಡನ್ನೂ ಕಟ್ಟಿದವನು ಗ್ಯೋರ್ಗ್ ಮೊಲ್ನಾರ್ ಎಂಬ ವಾಸ್ತುಶಿಲ್ಪಿ, ಎರಡೂ 1895ರ ಹೊತ್ತಿನವು. ದೇವರು ಮತ್ತು ಪುರಸಭೆ ಒಬ್ಬನೇ ಮೇಸ್ತ್ರಿಯ ಕೈಯಿಂದ ಬಂದದ್ದರಿಂದ ಚೌಕಕ್ಕೆ ಒಂದು ಹೊಂದಾಣಿಕೆ ಇದೆ. ನಡುವೆ ಕೈ ಮೇಲೆತ್ತಿ ಭಾಷಣ ಮಾಡುತ್ತಿರುವ ಕಂಚಿನ ಮನುಷ್ಯ ಸ್ವೆತೊಜಾರ್ ಮಿಲೆತಿಚ್. ವಕೀಲ, ಪತ್ರಿಕೆಯವನು, ಎರಡು ಸಲ ಈ ಊರಿನ ಮೇಯರ್, ಎರಡು ಸಲ ಜೈಲುವಾಸಿ. ಹಂಗೇರಿಯ ಆಡಳಿತದ ಕೆಳಗೆ ಸರ್ಬರ ಹಕ್ಕುಗಳಿಗಾಗಿ ‘ಜಾಸ್ತಾವಾ’ ಎಂಬ ಪತ್ರಿಕೆ ನಡೆಸಿದವನು. 1939ರಲ್ಲಿ ಈ ಪ್ರತಿಮೆ ಮಾಡಿದವನು ಇವಾನ್ ಮೆಷ್ಟ್ರೊವಿಚ್, ಕ್ರೊಯೇಷಿಯದ ದೊಡ್ಡ ಶಿಲ್ಪಿ. ಈಚಿನ ರಾಜಕೀಯ ನೋಡಿದವರಿಗೆ ಕ್ರೊಯೇಷಿಯದವನೊಬ್ಬ ಸರ್ಬ್ ನಾಯಕನ ಪ್ರತಿಮೆ ಮಾಡಿದ್ದು ಆಶ್ಚರ್ಯವೆನಿಸೀತು. ಆ ಕಾಲದಲ್ಲಿ ಅದು ಆಶ್ಚರ್ಯವಾಗಿರಲಿಲ್ಲ.

ಚೌಕದಿಂದ ಹೊರಟ ಬೀದಿಗೆ ವೈದ್ಯನೂ ಕವಿಯೂ ಆಗಿದ್ದ ಯೊವಾನ್ ಯೊವಾನೊವಿಚ್ ಜ್ಮಾಯ್ ಹೆಸರು. ಮಕ್ಕಳಿಗಾಗಿ ಅವನು ಬರೆದ ಪದ್ಯಗಳನ್ನು ಕಲಿಯದೆ ಬೆಳೆದ ಸರ್ಬ್ ಮಗು ಇಲ್ಲವಂತೆ. ಅಲ್ಲಿಂದ ದುನಾವ್‌ಸ್ಕಾ ಬೀದಿ ಹಿಡಿದರೆ ತಗ್ಗಿನ ಮನೆಗಳು, ಹಳದಿ, ತಿಳಿಹಸಿರು, ಗುಲಾಬಿ ಬಣ್ಣ. ಎಲ್ಲವೂ ಒಂದೇ ವಯಸ್ಸಿನವು. ಅದಕ್ಕೆ ಕಾರಣ ನಗರ ಸೌಂದರ್ಯ ಪ್ರಜ್ಞೆ ಅಲ್ಲ. 1849ರ ಜೂನ್ 12ರಂದು ಊರಿನ ಬಹುಭಾಗ ಸುಟ್ಟುಹೋಗಿತ್ತು. ಹಂಗೇರಿಯನ್ನರು ಹ್ಯಾಬ್ಸ್‌ಬರ್ಗರ ವಿರುದ್ಧ ದಂಗೆ ಎದ್ದಿದ್ದ ಕಾಲ ಅದು. ಕೋಟೆ ದಂಗೆಕೋರರ ಕೈಯಲ್ಲಿತ್ತು, ಊರಿಗೆ ದೊರೆಯ ಕಡೆಯ ಸೈನ್ಯ ಬಂದಿತ್ತು. ಕೋಟೆಯ ಫಿರಂಗಿಗಳು ನದಿಯಾಚೆ ಊರಿನ ಮೇಲೆ ತಿರುಗಿದವು. 2,812 ಮನೆಗಳಲ್ಲಿ ಉಳಿದದ್ದು 808. ತುರ್ಕರಿಂದ ಕಾಪಾಡಲು ಕಟ್ಟಿದ ಕೋಟೆ ಅತಿ ಹೆಚ್ಚು ನಾಶ ಮಾಡಿದ್ದು ತನ್ನ ಎದುರಿನ ಊರನ್ನೇ. ಕೋಟೆಯ ಪ್ರವಾಸಿ ಫಲಕಗಳನ್ನು ಓದುತ್ತ ಹೋದರೆ 1716ರ ವಿಜಯಕ್ಕೆ ಸಿಕ್ಕ ಜಾಗ 1849ಕ್ಕೆ ಸಿಕ್ಕಿಲ್ಲ ಅನಿಸಿತು. ಕೋಟೆಗಳ ಜಾತಕವೇ ಅಷ್ಟು.

ಊಟದ ಮಾತೊಂದು ಇಲ್ಲೇ ಹೇಳಿ ಮುಗಿಸುತ್ತೇನೆ. ಸರ್ಬಿಯದಲ್ಲಿ ಸಸ್ಯಾಹಾರಿ ಎಂದರೆ ಹೋಟೆಲಿನವರು ಮರುಕದಿಂದ ಕೋಳಿ ತರುತ್ತಾರೆ. ‘ಪೋಸ್ನೊ’ ಎಂದು ಕೇಳಬೇಕು. ಆರ್ಥಡಾಕ್ಸ್ ಕ್ರೈಸ್ತರ ಉಪವಾಸದ ಅಡುಗೆ ಅದು. ಮಾಂಸ, ಮೊಟ್ಟೆ, ಹಾಲು ಯಾವುದೂ ಇರುವುದಿಲ್ಲ. ಮೀನಿಗೆ ಕೆಲವು ದಿನ ವಿನಾಯಿತಿ ಉಂಟು, ಆದ್ದರಿಂದ ಅದೊಂದನ್ನು ಬೇರೆಯಾಗಿ ಬೇಡ ಎನ್ನಬೇಕು. ವರ್ಷದಲ್ಲಿ ದೊಡ್ಡ ಉಪವಾಸಗಳು ನಾಲ್ಕು, ವಾರದಲ್ಲಿ ಬುಧವಾರ ಶುಕ್ರವಾರ. ಹಾಗೆ ನನಗೆ ಸಿಕ್ಕಿದ್ದು ಪ್ರೆಬ್ರಾನಾಟ್ಸ್: ದಪ್ಪ ಬಿಳಿ ಬೀನ್ಸ್ ಕಾಳನ್ನು ರಾಶಿ ಈರುಳ್ಳಿ, ಕೆಂಪು ಮೆಣಸಿನ ಪುಡಿಯ ಜೊತೆ ಮಣ್ಣಿನ ಪಾತ್ರೆಯಲ್ಲಿ ಬೇಯಿಸಿದ್ದು. ಮೇಲಿನ ಪದರ ಸ್ವಲ್ಪ ಸೀದಿರಬೇಕು, ಅದೇ ರುಚಿ. ಬೆಳಿಗ್ಗೆ ಗಿಣ್ಣು ತುಂಬಿದ ಬುರೆಕ್, ಜೊತೆಗೆ ಲೋಟದಲ್ಲಿ ಕುಡಿಯುವ ಮೊಸರು. ಕಾಫಿ ತುರ್ಕಿ ಕ್ರಮದ್ದು, ತಳದಲ್ಲಿ ಅರ್ಧ ಬೆರಳು ಗಸಿ. ಕಾಫಿ ಕೊಟ್ಟ ಮುದುಕರೊಬ್ಬರು ನಾನು ಇಂಡಿಯಾದವನೆಂದು ತಿಳಿದ ಕೂಡಲೇ ‘ಟಿಟೊ, ನೆಹರು, ನಾಸೆರ್’ ಎಂದು ಮೂರು ಬೆರಳು ಮಡಿಸಿದರು. 1961ರಲ್ಲಿ ಬೆಲ್‌ಗ್ರೇಡಿನಲ್ಲೇ ಅಲಿಪ್ತ ದೇಶಗಳ ಮೊದಲ ಸಮ್ಮೇಳನ ನಡೆದದ್ದು. ನಮ್ಮಲ್ಲಿ ಈಗ ಪಠ್ಯಪುಸ್ತಕದ ಒಂದು ಪುಟವಾಗಿರುವುದು ಅಲ್ಲಿನ ಹಿರಿಯರಿಗೆ ಇನ್ನೂ ನೆಂಟಸ್ತಿಕೆ.

ನೋವಿ ಸಾದಿಗೆ ‘ಸರ್ಬಿಯದ ಅಥೆನ್ಸ್’ ಎಂಬ ಬಿರುದಿದೆ. ಇಂಥ ಬಿರುದುಗಳನ್ನು ಪ್ರವಾಸೋದ್ಯಮ ಇಲಾಖೆಯವರು ಧಾರಾಳವಾಗಿ ಹಂಚುತ್ತಾರೆ, ಆದ್ದರಿಂದ ನನಗೆ ಮೊದಲು ನಂಬಿಕೆ ಇರಲಿಲ್ಲ. ‘ಮಾತಿತ್ಸಾ ಸ್ರ್ಪ್‌ಸ್ಕಾ’ ಎಂಬ ಸಂಸ್ಥೆಯ ಕಟ್ಟಡದ ಮುಂದೆ ನಿಂತಾಗ ಬಿರುದು ಎಲ್ಲಿಂದ ಬಂತೆಂದು ತಿಳಿಯಿತು.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಸರ್ಬರಿಗೆ ತಮ್ಮದೆಂದು ಹೇಳಿಕೊಳ್ಳುವ ಪೂರ್ಣ ರಾಜ್ಯವಿರಲಿಲ್ಲ. ಅರ್ಧ ಜನ ತುರ್ಕರ ಕೆಳಗೆ, ಇನ್ನರ್ಧ ಆಸ್ಟ್ರಿಯದ ಕೆಳಗೆ. 1824ರಲ್ಲಿ ನೋವಿ ಸಾದಿನ ಪ್ರೌಢಶಾಲೆಯ ಮೇಷ್ಟ್ರು ಗೆಯೋರ್ಗಿಯೆ ಮಗರಾಶೆವಿಚ್ ಒಂದು ಸಾಹಿತ್ಯ ಪತ್ರಿಕೆ ಶುರು ಮಾಡಿದರು. ಪತ್ರಿಕೆ ಅಂದಮೇಲೆ ಸಾಲ ಇದ್ದದ್ದೇ. ನಿಂತುಹೋಗುವ ಸ್ಥಿತಿ ಬಂದಾಗ, 1826ರಲ್ಲಿ, ಪೆಸ್ಟ್ ನಗರದಲ್ಲಿ ಯೊವಾನ್ ಹಾಜಿಚ್ ಎಂಬ ಕಾನೂನು ಓದಿದ ತರುಣ ಮತ್ತು ಕೆಲವು ಸರ್ಬ್ ವರ್ತಕರು ಕೂಡಿ ಹಣ ಹಾಕಿ ಒಂದು ಸಂಘ ಕಟ್ಟಿದರು. ಪತ್ರಿಕೆ ಉಳಿಸಲು ಹುಟ್ಟಿದ ಸಂಘವೇ ಮಾತಿತ್ಸಾ. ಆ ಪತ್ರಿಕೆ, ‘ಲೆತೊಪಿಸ್’, ಯುದ್ಧಕಾಲದ ವಿರಾಮಗಳನ್ನು ಬಿಟ್ಟರೆ ಇವತ್ತಿಗೂ ಬರುತ್ತಿದೆ. ಜಗತ್ತಿನಲ್ಲಿ ಇನ್ನೂ ಉಸಿರಾಡುತ್ತಿರುವ ಅತಿ ಹಳೆಯ ಸಾಹಿತ್ಯ ಪತ್ರಿಕೆಗಳಲ್ಲಿ ಒಂದು. 1864ರಲ್ಲಿ ಸಂಘ ಪೆಸ್ಟಿನಿಂದ ನೋವಿ ಸಾದಿಗೆ ಬಂತು.

ಇದನ್ನು ಕೇಳುತ್ತಿದ್ದಾಗ ಧಾರವಾಡ ನೆನಪಾಗದೆ ಹೇಗೆ ಇದ್ದೀತು? 1890ರಲ್ಲಿ ರಾ.ಹ. ದೇಶಪಾಂಡೆಯವರು ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದಾಗಲೂ ಕನ್ನಡಕ್ಕೆ ತನ್ನದೆನ್ನುವ ರಾಜ್ಯವಿರಲಿಲ್ಲ, ರಾಜಧಾನಿ ಮುಂಬಯಿ, ಕಚೇರಿಯ ಭಾಷೆ ಬೇರೆ. ಅವರೂ ವಂತಿಗೆಯಿಂದಲೇ ಶುರು ಮಾಡಿದ್ದು, ಅವರೂ ‘ವಾಗ್ಭೂಷಣ’ ಎಂಬ ಪತ್ರಿಕೆ ತಂದದ್ದು. ರಾಜ್ಯ ಇಲ್ಲದ ಭಾಷೆಗೆ ಸಂಘವೇ ಸರ್ಕಾರ, ಪತ್ರಿಕೆಯೇ ಗೆಜೆಟ್ಟು. ವ್ಯತ್ಯಾಸ ಇರುವುದು ವರ್ತಕರಲ್ಲಿ. ಮಾತಿತ್ಸಾದ ದಾನಿಗಳ ಪಟ್ಟಿಯಲ್ಲಿ ದನದ ವ್ಯಾಪಾರ, ಧಾನ್ಯದ ವ್ಯಾಪಾರ ಮಾಡಿದವರು ದಂಡಿಯಾಗಿ ಸಿಗುತ್ತಾರೆ. ನಿಘಂಟಿಗೆ ದುಡ್ಡು ಕೊಡುವ ಧಾನ್ಯದ ಮಂಡಿ ಮಾಲೀಕರು ನಮ್ಮಲ್ಲಿ ಎಷ್ಟು ಜನ ಇದ್ದರು ಎಂಬ ಲೆಕ್ಕ ಯಾರಾದರೂ ಹಾಕಬೇಕು.

ಮಾತಿತ್ಸಾ ಈಗ ಇರುವ ಕಟ್ಟಡವೂ ದಾನದ್ದೇ. ಮರಿಯಾ ತ್ರಾಂದಾಫಿಲ್ ಎಂಬ ಶ್ರೀಮಂತ ವರ್ತಕ ಕುಟುಂಬದ ವಿಧವೆ, ಮಕ್ಕಳನ್ನು ಕಳೆದುಕೊಂಡವಳು, ತನ್ನ ಆಸ್ತಿಯನ್ನು ಬಡ ಸರ್ಬ್ ಮಕ್ಕಳ ಆಶ್ರಯಕ್ಕೆ ಬರೆದಿಟ್ಟಳು. ಅವಳು ಸತ್ತ ಎಷ್ಟೋ ವರ್ಷಗಳ ಮೇಲೆ, 1912ರಲ್ಲಿ ಕಟ್ಟಡ ಎದ್ದಿತು. ಅದರ ವಾಸ್ತುಶಿಲ್ಪಿ ಮೊಮ್ಚಿಲೊ ತಾಪಾವಿತ್ಸಾ. ಈ ಮನುಷ್ಯ 1896ರ ಮೊದಲ ಆಧುನಿಕ ಒಲಿಂಪಿಕ್ಸಿನಲ್ಲಿ ಹಂಗೇರಿಯ ಪರವಾಗಿ ಟೆನಿಸ್ ಆಡಿ ಕಂಚು ಗೆದ್ದವನು! ಕುಸ್ತಿ ಹಿಡಿದು ಭಾರವನ್ನೂ ಎತ್ತಿದನಂತೆ. ಸರ್ಬಿಯದ ಟೆನಿಸ್ ಎಂದರೆ ಜೊಕೊವಿಚ್ ಅಂದುಕೊಂಡವರು ಈ ಕಟ್ಟಡದ ಮುಂದೆ ಒಂದು ನಿಮಿಷ ನಿಲ್ಲಬೇಕು.

1954ರ ಡಿಸೆಂಬರಿನಲ್ಲಿ ಸರ್ಬ್ ಮತ್ತು ಕ್ರೊಯೇಷಿಯನ್ ವಿದ್ವಾಂಸರು ಈ ಊರಲ್ಲಿ ಸೇರಿ ತಮ್ಮದು ಒಂದೇ ಭಾಷೆ, ಸಿರಿಲಿಕ್ ಮತ್ತು ಲ್ಯಾಟಿನ್ ಲಿಪಿಗಳೆರಡೂ ಸಮಾನ ಎಂದು ಒಪ್ಪಂದ ಮಾಡಿಕೊಂಡರು. ಜಂಟಿಯಾಗಿ ದೊಡ್ಡ ನಿಘಂಟು ತರುವುದೆಂದಾಯಿತು. ಎರಡು ಸಂಪುಟ ಬರುವಷ್ಟರಲ್ಲಿ ಕ್ರೊಯೇಷಿಯದ ಸಂಸ್ಥೆ ಹಿಂದೆ ಸರಿಯಿತು. ಉಳಿದ ಸಂಪುಟಗಳನ್ನು ಮಾತಿತ್ಸಾ ಒಂಟಿಯಾಗಿ 1976ರ ಹೊತ್ತಿಗೆ ಮುಗಿಸಿತು, ಒಟ್ಟು ಆರು. ಯುಗೊಸ್ಲಾವಿಯ ಒಡೆಯುವುದಕ್ಕೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಮೊದಲೇ ಅದರ ನಿಘಂಟು ಒಡೆದಿತ್ತು. ರಾಜಕೀಯ ಪಂಡಿತರಿಗಿಂತ ಮುಂಚೆ ಬಿರುಕು ಕಂಡವರು ಪದಗಳಿಗೆ ಅರ್ಥ ಬರೆಯುತ್ತ ಕೂತವರು.

ರಂಗಭೂಮಿಯದೂ ಇಂಥದೇ ಕಥೆ. ‘ಸರ್ಬಿಯನ್ ರಾಷ್ಟ್ರೀಯ ರಂಗಮಂದಿರ’ 1861ರಲ್ಲಿ ಇಲ್ಲಿ ಹುಟ್ಟಿತು, ಸರ್ಬರ ಮೊದಲ ವೃತ್ತಿಪರ ರಂಗಸಂಸ್ಥೆ. ಹುಟ್ಟಿಸಿದ್ದು ಸರ್ಬ್ ವಾಚನಾಲಯದ ಸದಸ್ಯರು. ಮೊದಲ ವ್ಯವಸ್ಥಾಪಕ ಯೊವಾನ್ ಜೋರ್ಜೆವಿಚ್ 1868ರಲ್ಲಿ ಬೆಲ್‌ಗ್ರೇಡಿನಿಂದ ಕರೆ ಬಂದಾಗ ನಟವರ್ಗದ ಅರ್ಧ ಭಾಗವನ್ನೇ ಕಟ್ಟಿಕೊಂಡು ಹೋಗಿ ಅಲ್ಲಿ ಹೊಸ ರಂಗಮಂದಿರ ಮಾಡಿದ. ಸರ್ಬಿಯದ ರಾಷ್ಟ್ರಗೀತೆಯ ಸಾಹಿತ್ಯವೂ ಅವನದೇ. ನಾಟಕ ಕಂಪನಿ ಒಡೆದು ಹೋಗುವ ಸುಖದುಃಖ ಬಲ್ಲ ನಮಗೆ ಇದೇನೂ ಹೊಸತಲ್ಲ. ಈಗಿನ ಕಟ್ಟಡ 1981ರದು, ದೊಡ್ಡ ಬಿಳಿ ಪೆಟ್ಟಿಗೆ. ನನಗೆ ಇಷ್ಟವಾಗಲಿಲ್ಲ.

ಕಿಸಾಚ್ಕಾ ಬೀದಿಯಲ್ಲಿ ಇಪ್ಪತ್ತನೆಯ ನಂಬರಿನ ಮನೆ ಮಿಲೆವಾ ಮರಿಚ್ ಅಪ್ಪನದು. ಐನ್‌ಸ್ಟೈನರ ಮೊದಲ ಹೆಂಡತಿ, ಜ್ಯೂರಿಕ್‌ನಲ್ಲಿ ಅವರ ಸಹಪಾಠಿ. ಅವರ ಇಬ್ಬರು ಗಂಡುಮಕ್ಕಳಿಗೆ 1913ರಲ್ಲಿ ಇಲ್ಲಿನ ಸಂತ ನಿಕೋಲಾಸ್ ಚರ್ಚಿನಲ್ಲಿ ದೀಕ್ಷಾಸ್ನಾನ ಆಯಿತು. ಸಾಪೇಕ್ಷ ಸಿದ್ಧಾಂತದಲ್ಲಿ ಮಿಲೆವಾಳ ಪಾಲೆಷ್ಟು ಎಂಬ ಚರ್ಚೆ ಇಲ್ಲಿ ಬಿಸಿಯಾಗಿಯೇ ಇರುತ್ತದೆ. ದಾಖಲೆಗಳು ಆ ಕಡೆ ಹೆಚ್ಚು ವಾಲುವುದಿಲ್ಲ. ಆದರೆ ಆ ಕಾಲದ ಹುಡುಗಿಯೊಬ್ಬಳು ಜ್ಯೂರಿಕ್‌ವರೆಗೆ ಹೋಗಿ ಭೌತಶಾಸ್ತ್ರ ಓದಿದ್ದೇ ಒಂದು ದೊಡ್ಡ ಸಂಗತಿ, ಅದಕ್ಕೆ ಗಂಡನ ಸಿದ್ಧಾಂತದ ಆಸರೆ ಬೇಕಿಲ್ಲ.

‘ಯಹೂದಿ ಬೀದಿ’ ಎಂದೇ ಹೆಸರಿರುವ ಬೀದಿಯಲ್ಲಿ ಹಳದಿ ಇಟ್ಟಿಗೆಯ ದೊಡ್ಡ ಸಿನಗಾಗ್ ಇದೆ. ಬುಡಾಪೆಸ್ಟಿನ ಲಿಪೋತ್ ಬೌಮ್‌ಹಾರ್ನ್ ನಕ್ಷೆ ಹಾಕಿ 1905ರಿಂದ 1909ರ ನಡುವೆ ಕಟ್ಟಿದ್ದು. ಈಗ ಅಲ್ಲಿ ಸಂಗೀತ ಕಚೇರಿಗಳು ನಡೆಯುತ್ತವೆ. ಗುಮ್ಮಟದ ಕೆಳಗೆ ಪಿಟೀಲಿನ ನಾದ ಬಹಳ ಚೆನ್ನಾಗಿ ತುಂಬುತ್ತದೆ ಎಂದು ಎಲ್ಲರೂ ಹೊಗಳುತ್ತಾರೆ. ಪ್ರಾರ್ಥನೆಯ ಮನೆ ಕಛೇರಿಯ ಸಭಾಂಗಣ ಆಗಿದ್ದು ಯಾಕೆಂದರೆ ಪ್ರಾರ್ಥನೆ ಮಾಡುವವರು ಉಳಿಯಲಿಲ್ಲ.

1941ರಲ್ಲಿ ಹಿಟ್ಲರನ ಜೊತೆಗಿದ್ದ ಹಂಗೇರಿ ಈ ಪ್ರದೇಶವನ್ನು ನುಂಗಿತು. 1942ರ ಜನವರಿ 21ರಿಂದ 23ರವರೆಗೆ, ಗೆರಿಲ್ಲಾಗಳನ್ನು ಹುಡುಕುವ ನೆಪದಲ್ಲಿ, ಹಂಗೇರಿಯ ಸೈನ್ಯ ಮತ್ತು ಪೊಲೀಸರು ಊರನ್ನು ಮುಚ್ಚಿ ಮನೆಮನೆ ಜಾಲಾಡಿದರು. ಡ್ಯಾನ್ಯೂಬ್ ಹೆಪ್ಪುಗಟ್ಟಿತ್ತು. ಜನರನ್ನು ನದಿಯ ದಡಕ್ಕೆ, ಬೇಸಿಗೆಯಲ್ಲಿ ಊರವರು ಈಜಲು ಹೋಗುತ್ತಿದ್ದ ‘ಶ್ಟ್ರಾಂಡ್’ಗೆ ಒಯ್ದರು, ಸಾಲಾಗಿ ನಿಲ್ಲಿಸಿದರು, ಗುಂಡು ಹಾಕಿ ಹಿಮದಲ್ಲಿ ಒಡೆದ ಕಿಂಡಿಗಳೊಳಗೆ ತಳ್ಳಿದರು. 1,200ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ 800ಕ್ಕೂ ಹೆಚ್ಚು ಯಹೂದಿಗಳು, ಮಿಕ್ಕವರಲ್ಲಿ ಬಹುಪಾಲು ಸರ್ಬರು. ಬದುಕಿದ ಯಹೂದಿಗಳನ್ನು 1944ರ ಏಪ್ರಿಲ್‌ನಲ್ಲಿ ಇದೇ ಸಿನಗಾಗಿನೊಳಗೆ ಕೂಡಿಹಾಕಿ ಆಶ್‌ವಿಟ್ಜ್‌ಗೆ ಸಾಗಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಊರು ಬಿಡುಗಡೆಯಾದ ಮೇಲೆ ಗೆದ್ದವರು ಹಂಗೇರಿಯನ್ನರ ಮೇಲೆ, ಜರ್ಮನ್ನರ ಮೇಲೆ ಸೇಡು ತೀರಿಸಿಕೊಂಡರು. ಅದರಲ್ಲಿ ಸತ್ತವರಿಗೆ ಸ್ಮಾರಕ ಎನ್ನುವುದು ಬಹಳ ಕಾಲ ಇರಲಿಲ್ಲ.

ದಾನಿಲೊ ಕಿಶ್ ಎಂಬ ದೊಡ್ಡ ಲೇಖಕನಿಗೆ 1942ರ ಆ ಜನವರಿಯಲ್ಲಿ ಏಳು ವರ್ಷವೂ ತುಂಬಿರಲಿಲ್ಲ. ಅವನ ಅಪ್ಪ ಯಹೂದಿ, ರೈಲ್ವೆಯಲ್ಲಿ ಕೆಲಸದಲ್ಲಿದ್ದವನು. ಅಪ್ಪನನ್ನೂ ದಡಕ್ಕೆ ಒಯ್ದಿದ್ದರು. ಹಿಮದ ಕಿಂಡಿ ಹೆಣಗಳಿಂದ ಕಟ್ಟಿಕೊಂಡದ್ದರಿಂದ ಅವನ ಸರದಿ ಬರಲಿಲ್ಲ. ಎರಡು ವರ್ಷದ ಮೇಲೆ ಆಶ್‌ವಿಟ್ಜ್ ಅವನನ್ನು ತೆಗೆದುಕೊಂಡಿತು. ಕಿಶ್ ಜೀವಮಾನವಿಡೀ ಆ ಅಪ್ಪನನ್ನು ಬರೆದ. ಇನ್ನೊಬ್ಬ ಅಲೆಕ್ಸಾಂಡರ್ ತಿಶ್ಮಾ. ಈ ಊರಲ್ಲೇ ಬಾಳಿ, ಮಾತಿತ್ಸಾದಲ್ಲಿ ಸಂಪಾದಕನಾಗಿದ್ದು, 1972ರಲ್ಲಿ ‘ಬ್ಲಾಮ್‌ನ ಪುಸ್ತಕ’ ಎಂಬ ಕಾದಂಬರಿ ತಂದ. ಕೊಲೆಯಾಗದೆ ಉಳಿದ ಒಬ್ಬ ಯಹೂದಿ ಅದೇ ಬೀದಿಗಳಲ್ಲಿ, ಅದೇ ಚೌಕದಲ್ಲಿ ಬದುಕಿರುವ ತಪ್ಪಿಗೆ ಎಂಬಂತೆ ನಡೆದಾಡುವ ಕಥೆ. ಅದನ್ನು ಇಂಗ್ಲಿಷಿನಲ್ಲಿ ಓದಿಕೊಂಡೇ ಹೋಗಿದ್ದೆ. ಓದದೆ ಹೋಗಿದ್ದರೆ ಸ್ವಾತಂತ್ರ್ಯ ಚೌಕದ ಕಾಫಿ ಅಂಗಡಿಯಲ್ಲಿ ಇನ್ನಷ್ಟು ನೆಮ್ಮದಿಯಾಗಿ ಕೂರಬಹುದಿತ್ತು.

ದಡದ ಮೇಲೆ ‘ಕುಟುಂಬ’ ಎಂಬ ಕಂಚಿನ ಸ್ಮಾರಕ ಇದೆ. ಯೊವಾನ್ ಸೊಲ್ದಾತೊವಿಚ್ 1971ರಲ್ಲಿ ಮಾಡಿದ್ದು. ತೆಳ್ಳಗೆ ನಿಂತ ಗಂಡ, ಹೆಂಡತಿ, ಮಗು. ಅಲ್ಲಿಂದ ಮೇಲ್ಗಡೆಗೆ ನಡೆದರೆ ಶ್ಟ್ರಾಂಡ್ ಸಿಗುತ್ತದೆ. 1911ರಿಂದ ಇರುವ ಮರಳಿನ ದಂಡೆ, ಜೂನ್ ತಿಂಗಳಲ್ಲಿ ಕಾಲಿಡಲು ಜಾಗವಿಲ್ಲ. ಹುಡುಗರು ವಾಲಿಬಾಲ್ ಆಡುತ್ತಿದ್ದರು, ಅಜ್ಜಿಯರು ಬಿಸಿಲಿಗೆ ಬೆನ್ನು ಕೊಟ್ಟು ಇಸ್ಪೀಟು ಹಾಕುತ್ತಿದ್ದರು. ನಾನೂ ನೀರಿಗಿಳಿದೆ.

ಸೇತುವೆಗಳ ಲೆಕ್ಕ ಈ ಊರಲ್ಲಿ ಎಲ್ಲರ ಬಾಯಲ್ಲೂ ಇದೆ. 1941ರಲ್ಲಿ ಹಿಂದೆ ಸರಿಯುತ್ತಿದ್ದ ಯುಗೊಸ್ಲಾವ್ ಸೈನ್ಯ ಸಿಡಿಸಿತು, 1944ರಲ್ಲಿ ಹಿಂದೆ ಸರಿಯುತ್ತಿದ್ದ ಜರ್ಮನ್ನರು. 1999ರಲ್ಲಿ, ಕೊಸೊವೊ ಯುದ್ಧದ ಸಮಯ, ನ್ಯಾಟೊ ವಿಮಾನಗಳು ಏಪ್ರಿಲ್ ಒಂದೇ ತಿಂಗಳಲ್ಲಿ ಮೂರನ್ನೂ ಕೆಡವಿದವು. 1ನೇ ತಾರೀಖು ವರಾದಿನ್ ಸೇತುವೆ, 3ಕ್ಕೆ ಸ್ಲೊಬೊದಾ, 26ಕ್ಕೆ ಜೆಜೆಲ್. ಸ್ಲೊಬೊದಾ ಎಂದರೆ ನಿಕೊಲಾ ಹಾಯ್ದಿನ್ ಎಂಬ ಇಂಜಿನಿಯರು 1981ರಲ್ಲಿ ಕಂಬಿಗಳಿಂದ ತೂಗಿಸಿ ನಿಲ್ಲಿಸಿದ್ದ ಚೆಂದದ ಸೇತುವೆ, ನಡುವಿನ ಜಿಗಿತವೇ 351 ಮೀಟರು. ಆಗ ದೇಶ ಆಳುತ್ತಿದ್ದ ಮಿಲೊಶೆವಿಚ್ ಸರ್ಕಾರಕ್ಕೆ ಬುದ್ಧಿ ಕಲಿಸಲು ಬಾಂಬು ಹಾಕಿದ್ದು ಸರಿ ಎನ್ನುವವರು ಒಂದು ಸಂಗತಿ ಗಮನಿಸಬೇಕು. 1996ರ ಸ್ಥಳೀಯ ಚುನಾವಣೆಯಲ್ಲೇ ನೋವಿ ಸಾದ್ ಮಿಲೊಶೆವಿಚ್ ಪಕ್ಷವನ್ನು ಸೋಲಿಸಿ ವಿರೋಧಿಗಳ ಕೈಗೆ ಆಡಳಿತ ಕೊಟ್ಟಿತ್ತು. ಬಾಂಬು ಬಿದ್ದದ್ದು ಅವನನ್ನು ಬೇಡವೆಂದವರ ಸೇತುವೆಗಳ ಮೇಲೆ. ಮುರಿದ ಉಕ್ಕು ನದಿಗೆ ಅಡ್ಡ ಬಿದ್ದು ಯುರೋಪಿನ ದೊಡ್ಡ ಜಲಮಾರ್ಗವೊಂದರಲ್ಲಿ ಹಡಗು ಓಡಾಟವೇ ವರ್ಷಗಟ್ಟಲೆ ಕೆಟ್ಟಿತು. ದಡದಿಂದ ದಡಕ್ಕೆ ಜನ ದೋಣಿಯಲ್ಲಿ, ತೇಲುವ ಸೇತುವೆಯಲ್ಲಿ ಓಡಾಡಿದರು. ಸ್ಲೊಬೊದಾ ಮತ್ತೆ ಎದ್ದದ್ದು 2005ರಲ್ಲಿ, ಮುದುಕನಾಗಿದ್ದ ಹಾಯ್ದಿನ್ ಕೈಯಿಂದಲೇ. ಜೆಜೆಲ್‌ಗೆ 2018ರವರೆಗೆ ಕಾಯಬೇಕಾಯಿತು.

ಬಾಂಬು ನಿಂತ ಮರುವರ್ಷ, 2000ದ ಬೇಸಿಗೆಯಲ್ಲಿ, ವಿಶ್ವವಿದ್ಯಾಲಯದ ಹುಡುಗರು ನದಿಯ ದಂಡೆಯಲ್ಲಿ ನೂರು ದಿನ ಹಾಡು, ನಾಟಕ, ಸಿನಿಮಾ ನಡೆಸಿದರು. ಉದ್ದೇಶ ಮುಚ್ಚಿಟ್ಟಿರಲಿಲ್ಲ: ಸೆಪ್ಟೆಂಬರಿನ ಚುನಾವಣೆಯಲ್ಲಿ ಯುವಕರು ಮತ ಹಾಕಬೇಕು, ಮಿಲೊಶೆವಿಚ್ ಹೋಗಬೇಕು. ಅಕ್ಟೋಬರ್ 5ಕ್ಕೆ ಅವನು ಹೋದ. ಆ ಹಬ್ಬದ ಹೆಸರು ಎಗ್ಸಿಟ್. ಮರುವರ್ಷ ಅದು ಕೋಟೆಗೆ ಹತ್ತಿತು. ಕೋಟೆಯ ಕಂದಕಗಳಲ್ಲಿ ಧ್ವನಿವರ್ಧಕ ಇಟ್ಟರು, ಜಗತ್ತಿನ ಮೂಲೆಮೂಲೆಯಿಂದ ಹುಡುಗರು ಬಂದರು. ಕಲಾವಿದರು ಅದಕ್ಕಿಂತ ಬಹಳ ಮೊದಲೇ ಕೋಟೆ ಹಿಡಿದಿದ್ದರು. 1950ರ ದಶಕದಿಂದ ಸೈನಿಕರ ಕೋಣೆಗಳಲ್ಲಿ ಚಿತ್ರಕಾರರ ಸ್ಟುಡಿಯೋಗಳಿವೆ, 1961ರಿಂದ ‘ಅತೆಲ್ಯೆ 61’ ಎಂಬ ಮಗ್ಗದ ಶಾಲೆ ಇದೆ. ಅಲ್ಲಿ ಹೆಂಗಸರು ಚಿತ್ರಕಾರರ ವಿನ್ಯಾಸವನ್ನು ಉಣ್ಣೆಯಲ್ಲಿ ನೇಯುತ್ತಾರೆ, ಬಹಳ ನಿಧಾನದ ಕೆಲಸ. ಸರ್ಬರಿಗೆ ವಾಸದ ಹಕ್ಕು ಕೊಡದ ಕೋಟೆ ಕೊನೆಗೆ ಹೀಗೆ ಊರಿನ ಪಾಲಾಯಿತು.

ಈಗ ರೈಲು ನಿಲ್ದಾಣ. 1964ರ ಕಟ್ಟಡ, ಹೊಸದಾಗಿ ದುರಸ್ತಿ ಮಾಡಿ 2024ರ ಜುಲೈನಲ್ಲಿ ತೆರೆದಿದ್ದರು. ನವೆಂಬರ್ 1ರಂದು ಬೆಳಿಗ್ಗೆ 11 ಗಂಟೆ 52 ನಿಮಿಷಕ್ಕೆ ಮುಂಭಾಗದ ಕಾಂಕ್ರೀಟ್ ಚಾವಣಿ ಕೆಳಗೆ ಕೂತಿದ್ದವರ ಮೇಲೆ ಕುಸಿಯಿತು. ಹದಿನಾಲ್ಕು ಜನ ಅಂದೇ ಸತ್ತರು, ಆಸ್ಪತ್ರೆಯಲ್ಲಿ ಮತ್ತಿಬ್ಬರು. ಆ ಚಾವಣಿಯನ್ನು ದುರಸ್ತಿಯಲ್ಲಿ ಮುಟ್ಟಿಯೇ ಇರಲಿಲ್ಲ ಎಂದು ಅಧಿಕಾರದಲ್ಲಿದ್ದವರು ಹೇಳಿದರು. ಲಂಚ ತಿಂದ ಕಾಮಗಾರಿ, ಕಾಗದಪತ್ರ ಹೊರಗಿಡಿ ಎಂದು ವಿದ್ಯಾರ್ಥಿಗಳು ಹೇಳಿದರು. ದೇಶದ ಊರೂರುಗಳಲ್ಲಿ 11.52ಕ್ಕೆ ಜನ ರಸ್ತೆ ಮಧ್ಯೆ ನಿಂತು ಸತ್ತವರೊಬ್ಬೊಬ್ಬರಿಗೆ ಒಂದೊಂದು ನಿಮಿಷ ಮೌನ ಆಚರಿಸತೊಡಗಿದರು. ಕಾಲೇಜುಗಳು ಮುಚ್ಚಿದವು. ಕೆಂಪು ಬಣ್ಣದ ಅಂಗೈ ಗುರುತು ಗೋಡೆಗಳ ಮೇಲೆಲ್ಲ ಬಿತ್ತು. 2025ರ ಜನವರಿ ಕೊನೆಗೆ ಪ್ರಧಾನಿ ಮಿಲೊಶ್ ವುಚೆವಿಚ್ ರಾಜೀನಾಮೆ ಘೋಷಿಸಿದರು. ಅವರು ಹಿಂದೆ ಇದೇ ಊರಿನ ಮೇಯರ್ ಆಗಿದ್ದವರು.

ಈ ವಿದ್ಯಾರ್ಥಿಗಳಿಗೆ ನಾಯಕ ಎನ್ನುವವನಿರಲಿಲ್ಲ. ಪ್ರತಿ ಕಾಲೇಜಿನಲ್ಲೂ ಸಭೆ, ಸಭೆಯಲ್ಲಿ ಕೈ ಎತ್ತಿ ತೀರ್ಮಾನ. ದುಡ್ಡೂ ಯಾವ ಪಕ್ಷದ್ದೂ ಆಗಿರಲಿಲ್ಲ. ಮುಚ್ಚಿದ ಕಾಲೇಜುಗಳೊಳಗೆ ಮಲಗಿದ್ದ ಹುಡುಗರಿಗೆ ಅಕ್ಕಪಕ್ಕದ ಮನೆಯವರು ಅಡುಗೆ ತಂದುಕೊಟ್ಟರು, ಕಂಬಳಿ ಕೊಟ್ಟರು. ಕೋಟೆಯ ಮೇಲಿನ ಎಗ್ಸಿಟ್ ಹಬ್ಬವೂ ಅವರ ಬೆನ್ನಿಗೆ ನಿಂತಿತು. ಅದಕ್ಕೆ ಸರ್ಕಾರದ ಅನುದಾನ ನಿಂತಿತೆಂದು ಸಂಘಟಕರು ಹೇಳಿ, 2025ರ ಜುಲೈನದೇ ಸರ್ಬಿಯದಲ್ಲಿ ತಮ್ಮ ಕೊನೆಯ ಹಬ್ಬ ಎಂದು ಪ್ರಕಟಿಸಿದರು. ಊರಿಗೆ ಪ್ರವಾಸಿಗಳನ್ನೂ ವರಮಾನವನ್ನೂ ತರುತ್ತಿದ್ದ ಹಬ್ಬವನ್ನು ಕಳೆದುಕೊಂಡ ಬಗ್ಗೆ ಹೋಟೆಲಿನವರು ನನ್ನ ಹತ್ತಿರ ಗೊಣಗಿದರು. ಹುಡುಗರ ಮೇಲಲ್ಲ.

ಚಾವಣಿ ಬಿದ್ದು ಮೂರು ತಿಂಗಳಾದ 2025ರ ಫೆಬ್ರವರಿ 1ರ ಕಥೆಯನ್ನು ಮಾತ್ರ ನನಗೆ ಒಬ್ಬರಲ್ಲ, ಸಿಕ್ಕಿದವರೆಲ್ಲ ಹೇಳಿದರು. ಬೆಲ್‌ಗ್ರೇಡಿನ ವಿದ್ಯಾರ್ಥಿಗಳು ಚಳಿಯಲ್ಲಿ ಎರಡು ದಿನ ನಡೆದು ಬಂದರು. ದಾರಿಯ ಹಳ್ಳಿಗಳ ರೈತರು ರಸ್ತೆ ಪಕ್ಕ ಮೇಜು ಹಾಕಿ ಬಿಸಿ ಸಾರು, ರೊಟ್ಟಿ, ಸೇಬು ಇಟ್ಟುಕೊಂಡು ಕಾದಿದ್ದರು. ಊರು ಮುಟ್ಟಿದಾಗ ಎದುರುಗೊಳ್ಳಲು ಸಾವಿರಾರು ಜನ ಬೀದಿಯಲ್ಲಿದ್ದರು. ಮರುದಿನ ಮೂರೂ ಸೇತುವೆಗಳನ್ನು ವಿದ್ಯಾರ್ಥಿಗಳು ಬಂದ್ ಮಾಡಿದರು. ಸ್ಲೊಬೊದಾ ಸೇತುವೆಯ ಮೇಲೆ ಬೆಂಕಿ ಹಾಕಿಕೊಂಡು ರಾತ್ರಿ ಕಳೆದರು, ಬೆಳಿಗ್ಗೆ ಅಲ್ಲೇ ಸಭೆ ಸೇರಿ, ಕೈ ಎತ್ತಿಸಿ ಎಣಿಸಿ, ಇನ್ನೂ ಮೂರು ಗಂಟೆ ಮುಂದುವರಿಸುವುದೆಂದು ತೀರ್ಮಾನಿಸಿದರು. ನಡೆದು ಬಂದು ಕಾಲು ಬೊಬ್ಬೆ ಎದ್ದಿದ್ದವರು ಹಿಂದಕ್ಕೆ ಹೋಗುವುದು ಹೇಗೆಂದು ಕೂತಿದ್ದಾಗ ಬೆಲ್‌ಗ್ರೇಡಿನ ಟ್ಯಾಕ್ಸಿಯವರು ನೂರಾರು ಕಾರು ಸಾಲುಗಟ್ಟಿಸಿಕೊಂಡು ಹೆದ್ದಾರಿಯಲ್ಲಿ ಬಂದಿಳಿದರು. ಮಕ್ಕಳನ್ನು ತುಂಬಿಕೊಂಡು ರಾಜಧಾನಿಗೆ ಕರೆದೊಯ್ದರು. ಯಾರೂ ಮೀಟರ್ ಹಾಕಲಿಲ್ಲ.